ಮೈಸೂರು ಅರಮನೆಗೆ ಗೈಡ್ ಬೇಕೇ?

ಪ್ರಶ್ನೆ:
ಮುಂದಿನ ಭಾನುವಾರ ಅತ್ತೆಯವರನ್ನೂ ಏಳನೇ ತರಗತಿಯ ಮಗಳನ್ನೂ ಮೈಸೂರು ಅರಮನೆಗೆ ಕರೆದೊಯ್ಯುತ್ತಿದ್ದೇನೆ. ಅತ್ತೆಯವರಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾರರು. ಮಗಳಿಗೋ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಗೈಡ್ ಮಾಡಿಕೊಳ್ಳಬೇಕೇ, ಫಲಕ ಓದಿಕೊಂಡು ನಾವೇ ಸುತ್ತಿದರೆ ಸಾಕೇ? ಹಿಂದೊಮ್ಮೆ ಒಂದು ಕೋಟೆಯಲ್ಲಿ ಸಿಕ್ಕ ಗೈಡ್ ಯಾವ ಸಿನಿಮಾದ ಚಿತ್ರೀಕರಣ ಎಲ್ಲಿ ನಡೆಯಿತು ಎಂಬುದನ್ನಷ್ಟೇ ಹೇಳಿ ಹಣ ಎಣಿಸಿಕೊಂಡು ಹೋದ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಉತ್ತರ 1:
ಮಗಳ ಸಲುವಾಗಿಯಾದರೂ ಮಾಡಿಕೊಳ್ಳಿ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆಯೆತ್ತಿ ನವಿಲುಗಳ ಬಣ್ಣದ ಗಾಜು ನೋಡಿ ಮುಂದೆ ನಡೆದುಬಿಡುತ್ತಾರೆ. ಸುತ್ತಲಿನ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದವು ಎಂದು ಯಾರಾದರೂ ಹೇಳಿದರೆ ತಾನೇ ತಿಳಿಯುವುದು? ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳ ಮುಂದೆಯೂ ಸ್ವಲ್ಪ ನಿಲ್ಲಿಸಿ ವಿವರಿಸಲು ಹೇಳಿ. 1897ರಲ್ಲಿ ಹಳೆಯ ಮರದ ಅರಮನೆ ಮದುವೆ ಸಂಭ್ರಮದ ಹೊತ್ತಿನಲ್ಲಿ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಕಟ್ಟಡ 1912ರಲ್ಲಿ ಮುಗಿದದ್ದು, ಇವನ್ನೆಲ್ಲ ಮಗಳು ಖಂಡಿತ ಕೆದಕುತ್ತಾಳೆ.

ಉತ್ತರ 2:
ಭಾನುವಾರವೇ? ಆ ನೂಕುನುಗ್ಗಲಿನಲ್ಲಿ ಗೈಡ್ ಧ್ವನಿ ಕೇಳಿಸುವುದೇ ಅನುಮಾನ. ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಚಪ್ಪಲಿ ಹೊರಗೇ ಬಿಡಬೇಕು. ಅತ್ತೆಯವರಿಗೆ ಕಾಲುಚೀಲ ಇರಲಿ. ಭಾನುವಾರ ಸಂಜೆಯ ದೀಪಾಲಂಕಾರಕ್ಕೆ ಗೈಡ್ ಬೇಡ, ಕಣ್ಣು ಸಾಕು.

ಪ್ರಶ್ನೆ ಕೇಳಿದವರು:
ಸರಿ, ಬೆಳಿಗ್ಗೆಯೇ ಹೋಗಿ ಗೈಡ್ ಮಾಡಿಕೊಳ್ಳುತ್ತೇವೆ. ದರವನ್ನೂ ಸಮಯವನ್ನೂ ಮೊದಲೇ ಮಾತಾಡಿಕೊಳ್ಳುತ್ತೇನೆ, ಸಿನಿಮಾ ಸುದ್ದಿ ಬೇಡವೆಂದೂ ಹೇಳಿಬಿಡುತ್ತೇನೆ. ಒಳಗೆ ಅತ್ತೆಯವರು ಕೂರಲು ಎಲ್ಲಾದರೂ ಜಾಗವಿದೆಯೇ?