ಕಡಿಮೆ ದುಡ್ಡಲ್ಲಿ ಸೂಪರ್‌ಹೀರೋ ಬೊಂಬೆ ಕೂಡಿಸುತ್ತಿದ್ದೇನೆ, ವಿಲನ್‌ಗಳೇ ಸಿಗ್ತಿಲ್ಲ

ಟಿವಿಪಕ್ಕದ_ಶೆಲ್ಫು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಸೂಪರ್‌ಹೀರೋ ಬೊಂಬೆ ಕೂಡಿಸುತ್ತಿದ್ದೇನೆ. ಮಗನಿಗೆ ಅಂತ ಶುರು ಮಾಡಿದ್ದು, ಈಗ ನನಗೂ ಅಷ್ಟೇ ಆಸೆ ಹತ್ತಿದೆ. ತಿಂಗಳಿಗೆ 500 ರೂಪಾಯಿ ಎತ್ತಿಡುತ್ತೇನೆ, ಅದರ ಮೇಲೆ ಹೋಗಲ್ಲ.

ಈಗ ಶೆಲ್ಫಿನಲ್ಲಿ ಹನ್ನೊಂದು ಇವೆ. ಸ್ಪೈಡರ್‌ಮ್ಯಾನೇ ನಾಲ್ಕು, ಐರನ್‌ಮ್ಯಾನ್ ಮೂರು, ಬ್ಯಾಟ್‌ಮ್ಯಾನ್ ಎರಡು, ಒಬ್ಬ ಕ್ಯಾಪ್ಟನ್ ಅಮೆರಿಕ, ಒಬ್ಬ ಹಲ್ಕ್. ಎಲ್ಲರೂ ಒಳ್ಳೆಯವರೇ, ಎದುರಿಗೆ ನಿಲ್ಲೋಕೆ ಒಬ್ಬನೂ ಇಲ್ಲ. ಮಗ ಆಟಕ್ಕೆ ಕೂತಾಗ ಅಡುಗೆಮನೆಯಿಂದ ಕುಕ್ಕರ್ ಮುಚ್ಚಳ ತಂದು ಅದನ್ನೇ ರಾಕ್ಷಸ ಅಂತ ಇಡುತ್ತಾನೆ. ಅಂಗಡಿಗೆ ಹೋಗಿ ಜೋಕರ್ ಇದೆಯಾ, ಥಾನೋಸ್ ಇದೆಯಾ ಅಂದರೆ ಮತ್ತೆ ಸ್ಪೈಡರ್‌ಮ್ಯಾನನ್ನೇ ತೆಗೆದು ಕೊಡುತ್ತಾರೆ.

ಇನ್ನೊಂದು ತೊಂದರೆ ಅಂದರೆ ಅಳತೆ. ಒಂದು ಐರನ್‌ಮ್ಯಾನ್ ಒಂದಡಿ ಎತ್ತರ, ಹಲ್ಕ್ ಅವನ ಮೊಣಕಾಲಿಗೆ ಬರುತ್ತಾನೆ. ನೋಡೋಕೆ ಸರಿ ಅನ್ನಿಸಲ್ಲ. ಆ ಹಲ್ಕ್‌ನ ಒಂದು ಕಾಲಂತೂ ಸಡಿಲ, ನಿಲ್ಲಿಸಿ ಎರಡು ನಿಮಿಷಕ್ಕೆ ಮಗುಚಿ ಬೀಳುತ್ತಾನೆ. ಇದು ಸಾಲದು ಅಂತ ಆನ್‌ಲೈನಿನಲ್ಲಿ ಯಾರೋ ಒಬ್ಬರ ಹತ್ತಿರ 399ಕ್ಕೆ ಐದು ಬೊಂಬೆ ಸೆಟ್ ತರಿಸಿದೆ, ಡಬ್ಬ ತೆರೆದರೆ ಸೀಮೆಎಣ್ಣೆ ತರಹ ವಾಸನೆ, ಒಂದು ಬೊಂಬೆಯ ಕಣ್ಣು ಹುಬ್ಬಿನ ಮೇಲೆ ಕೂತಿದೆ. ಅದನ್ನು ಮಗನ ಕೈಗೆ ಕೊಟ್ಟಿಲ್ಲ.

ಇಷ್ಟೇ ದುಡ್ಡಲ್ಲಿ ವಿಲನ್‌ಗಳನ್ನು ಹೇಗೆ ಹೊಂದಿಸೋದು? ಅನುಭವ ಇದ್ದವರು ಹೇಳಿ.

ಕೀಲುಕಾಲು (ಹುಬ್ಬಳ್ಳಿ)

ಸಾರ್, ಮೊದಲು ಒಂದು ಅಳತೆ ಹಿಡಿದುಕೊಳ್ಳಿ. ನಾನು ಹದಿನೈದು ವರ್ಷದಿಂದ ಕೂಡಿಸುತ್ತಿದ್ದೇನೆ, ಮೊದಲ ಐದು ವರ್ಷ ನಿಮ್ಮ ಹಾಗೆಯೇ ಸಿಕ್ಕಿದ್ದನ್ನೆಲ್ಲ ತಂದೆ.

ನಿಮ್ಮ ಒಂದಡಿ ಐರನ್‌ಮ್ಯಾನ್ ಬಹುಶಃ ಹ್ಯಾಸ್‌ಬ್ರೋ ಅನ್ನೋ ಆಟಿಕೆ ಕಂಪನಿಯ ಟೈಟನ್ ಹೀರೋ ಸೀರೀಸ್‌ನವನು. 12 ಇಂಚು, ಕುತ್ತಿಗೆ, ಎರಡು ತೋಳು, ಎರಡು ತೊಡೆ, ಒಟ್ಟು ಐದೇ ಕೀಲು. ಮೊಣಕೈ ಮೊಣಕಾಲು ಮಡಚಲ್ಲ. ಆದರೆ ಗಟ್ಟಿ. ಮಕ್ಕಳು ಎಸೆದರೂ ಏನೂ ಆಗಲ್ಲ. ಇದರಲ್ಲಿ ಥಾನೋಸ್, ವೆನಮ್ ಇಬ್ಬರೂ ಬಂದಿದ್ದಾರೆ, ಹೆಸರು ಹಾಕಿ ಹುಡುಕಿ, ಸುಮ್ನೆ 'ಮಾರ್ವೆಲ್ ಟಾಯ್' ಅಂತ ಹುಡುಕಿದರೆ ಹೀರೋಗಳೇ ಬರುತ್ತಾರೆ. ಡಿಸಿ ಕಡೆಯವರು, ಅಂದರೆ ಬ್ಯಾಟ್‌ಮ್ಯಾನ್ ಕಥೆಗಳವರು ಬೇಕಾದರೆ ಸ್ಪಿನ್ ಮಾಸ್ಟರ್ ಕಂಪನಿ 2020ರಿಂದ 4 ಇಂಚಿನ ಬೊಂಬೆ ತಂದಿತು. ಅಂಗೈಯಲ್ಲಿ ಹಿಡಿಸುವಷ್ಟು, ಆದರೂ ಮೊಣಕಾಲು ಮಡಚುತ್ತವೆ. ಅದರ ಖುಷಿ ಏನೆಂದರೆ ಜೋಕರ್, ಬೇನ್, ಕಿಂಗ್ ಶಾರ್ಕ್ ಹೀಗೆ ವಿಲನ್‌ಗಳೇ ಬೇಕಾದಷ್ಟು. ಡಬ್ಬದೊಳಗೆ ಮೂರು ಸಾಮಾನು ಗುಟ್ಟಾಗಿ ಇಟ್ಟಿರುತ್ತಾರೆ, ತೆರೆದ ಮೇಲೇ ಗೊತ್ತಾಗೋದು. ನಿಮ್ಮ ಮಗನಿಗೆ ಖಂಡಿತ ಇಷ್ಟ ಆಗುತ್ತೆ.

ಹ್ಯಾಸ್‌ಬ್ರೋದ್ದೇ ದುಬಾರಿ ಸಾಲು ಮಾರ್ವೆಲ್ ಲೆಜೆಂಡ್ಸ್ ಕಡೆ ಈಗಲೇ ಹೋಗಬೇಡಿ. 6 ಇಂಚು, ಕೀಲು ಕೀಲೂ ಮಡಚುತ್ತೆ, ನೋಡೋಕೆ ಬಹಳ ಚೆಂದ. ಆದರೆ ನಿಮ್ಮ ನಾಲ್ಕೈದು ತಿಂಗಳ ದುಡ್ಡು ಒಂದಕ್ಕೇ ಹೋಗುತ್ತೆ. ಹೊರಗಿನಿಂದ ಬರುವ ಆಟಿಕೆಗೆ ಸುಂಕ ಮೊದಲು 20% ಇತ್ತು, 2020ರಲ್ಲಿ 60% ಆಯಿತು, 2023ರಲ್ಲಿ 70%. ಅದಕ್ಕೇ ಅಮೆರಿಕದ ಬೆಲೆ ನೋಡಿ ಇಲ್ಲಿ ಲೆಕ್ಕ ಹಾಕೋಕೆ ಆಗಲ್ಲ.

ವಿಲನ್ ಯಾಕೆ ಸಿಗಲ್ಲ ಅಂದರೆ, ಮಕ್ಕಳು ಕೇಳೋದು ಹೀರೋನ. ಅಂಗಡಿಯವರು ಹೋಗುವ ಮಾಲನ್ನೇ ತರಿಸುತ್ತಾರೆ. ಹಾಗಾಗಿ ವಿಲನ್ ಕಂಡ ದಿನ ತಗೊಂಡುಬಿಡಿ, ಹೀರೋ ಮುಂದಿನ ತಿಂಗಳೂ ಅಲ್ಲೇ ಇರುತ್ತಾನೆ.

ಮೆಟ್ಟಿಲುಬೊಂಬೆ (ಮೈಸೂರು)

ಒಂದೇ ಅಳತೆ ಹಿಡೀಬೇಕು ಅನ್ನೋದನ್ನ ನಾನು ಒಪ್ಪಲ್ಲ. ನಮ್ಮಲ್ಲಿ ದಸರಾ ಬೊಂಬೆ ಕೂರಿಸುವವರು ಯಾರಾದರೂ ಅಳತೆ ನೋಡ್ತಾರಾ? ಪಟ್ಟದ ಬೊಂಬೆ ಮೇಲೆ, ಅದರ ಕೆಳಗೆ ದೇವರುಗಳು, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ಶೆಟ್ಟಿಯಮ್ಮ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ, ಪಕ್ಕದಲ್ಲೇ ಅವರಿಗಿಂತ ದೊಡ್ಡ ನವಿಲು. ಚೆನ್ನಾಗೇ ಕಾಣುತ್ತೆ. ದೊಡ್ಡದನ್ನ ಹಿಂದೆ ಎತ್ತರಕ್ಕೆ ಇಡಿ, ಚಿಕ್ಕದನ್ನ ಮುಂದೆ ತನ್ನಿ. ದಪ್ಪ ಪುಸ್ತಕ ಎರಡು ಜೋಡಿಸಿ ಬಟ್ಟೆ ಹೊದಿಸಿದರೆ ಮೆಟ್ಟಿಲಾಯ್ತು. ಒಂದಡಿ ಥಾನೋಸ್ ಹಿಂದೆ ನಿಂತು 4 ಇಂಚಿನವರು ಆರು ಜನ ಅವನ ಮೇಲೆ ಏರಿ ಹೋಗುವ ಹಾಗೆ ಇಟ್ಟು ನೋಡಿ. ವಿಲನ್ ದೊಡ್ಡದಾಗಿದ್ದರೇ ಒಳ್ಳೆಯದು ಅಲ್ವಾ. ನಮ್ಮ ಮಹಿಷಾಸುರನನ್ನ ಚಾಮುಂಡಿ ಬೆಟ್ಟದಲ್ಲಿ ಯಾರು ಚಿಕ್ಕದಾಗಿ ನಿಲ್ಲಿಸಿದ್ದಾರೆ?

ವಾಸನೆ ಬರುವ ಆ ಸೆಟ್ಟನ್ನ ಮಗುವಿಗೆ ಕೊಡದೇ ಇದ್ದದ್ದು ಒಳ್ಳೆಯದಾಯ್ತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ ಅದು ಇಲ್ಲದಿದ್ದರೆ ಎಷ್ಟೇ ಅಗ್ಗ ಇರಲಿ ವಾಪಸ್ ಇಡಿ. ಹಾಗಂತ ಜಾತ್ರೆ ಬೊಂಬೆ ಬೇಡವೇ ಬೇಡ ಅಂತ ನಾನು ಹೇಳಲ್ಲ, ನನ್ನ ಶೆಲ್ಫಿನಲ್ಲಿ ಎರಡಿವೆ, ಆದರೆ ಅವು ಮೇಲಿನ ಸಾಲಿನಲ್ಲಿ, ಮಕ್ಕಳ ಕೈಗೆ ಎಟುಕಲ್ಲ.

ಗ್ಯಾರೇಜ್‌ಸೇಲ್ ಕನ್ನಡಿಗ (ನ್ಯೂಜೆರ್ಸಿ)

ಇಲ್ಲಿ ಬೇಸಿಗೆಯಲ್ಲಿ ಜನ ಮನೆ ಮುಂದೆ ಹಳೇ ಸಾಮಾನು ಇಟ್ಟು ಮಾರುತ್ತಾರೆ. ಆಟಿಕೆ ಡಬ್ಬಿಯೊಳಗೆ ಕೈ ಹಾಕಿ ತಳದವರೆಗೂ ಹುಡುಕಬೇಕು, ಹೀರೋಗಳನ್ನ ಮಕ್ಕಳು ಮೊದಲೇ ಎತ್ತಿಕೊಂಡಿರುತ್ತಾರೆ, ತಳದಲ್ಲಿ ಉಳಿದಿರೋದೇ ವಿಲನ್‌ಗಳು. ಒಂದೊಂದು ಡಾಲರಿಗೆ ಸಿಕ್ಕಿವೆ.

ಹೊಸದರಲ್ಲಿ ನನಗೆ ಇಷ್ಟವಾದದ್ದು ಸೂಪರ್ ಪವರ್ಸ್. 1984ರಿಂದ 86ರವರೆಗೆ ಕೆನ್ನರ್ ಕಂಪನಿ ಈ ಹೆಸರಲ್ಲಿ ಬೊಂಬೆ ಮಾಡುತ್ತಿತ್ತು, ಕಾಲು ಎರಡನ್ನೂ ಅದುಮಿದರೆ ಸೂಪರ್‌ಮ್ಯಾನ್ ಗುದ್ದುತ್ತಿದ್ದ. ಅದೇ ಹೆಸರು, ಅದೇ ಹಳೇ ರೂಪದಲ್ಲಿ ಮ್ಯಾಕ್‌ಫಾರ್ಲೇನ್ ಕಂಪನಿಯವರು 2022ರಲ್ಲಿ ಮತ್ತೆ ತಂದರು. ಗುದ್ದಾಟ ಇಲ್ಲ, ಆದರೆ ಬಟ್ಟೆಯ ಕೇಪ್ ಇದೆ, ಬೆಲೆ ಆಗ ಹತ್ತು ಡಾಲರ್ ಇತ್ತು. ಊರಿಗೆ ಬರುವಾಗ ಅಣ್ಣನ ಮಕ್ಕಳಿಗೆ ಡಬ್ಬ ಬಿಚ್ಚಿ ಬಟ್ಟೆ ಮಧ್ಯೆ ಸುತ್ತಿ ತರುತ್ತೇನೆ. ನಿಮಗೂ ಇಲ್ಲಿ ನಂಟರಿದ್ದರೆ ಸೂಟ್‌ಕೇಸಿನಲ್ಲಿ ಒಂದು ಮೂಲೆ ಕೇಳಿ.

ಟಿವಿಪಕ್ಕದ_ಶೆಲ್ಫು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮೆಟ್ಟಿಲು ಮಾಡುವ ಮಾತು ಮನೆಯಲ್ಲಿ ಹೇಳಿದೆ, ಹೆಂಡತಿ ಆಗಲೇ ಹಳೇ ರೇಷ್ಮೆ ಸೀರೆ ತೆಗೆದಿಟ್ಟಿದ್ದಾಳೆ. ಇನ್ನು ಹಲ್ಕ್ ಕಾಲಿಗೆ ಏನು ಮಾಡಲಿ? ಮತ್ತೆ ನಾಲ್ಕು ಸ್ಪೈಡರ್‌ಮ್ಯಾನ್ ಏನು ಮಾಡೋದು, ಅದರಲ್ಲಿ ಎರಡು ಒಂದೇ ಥರ ಇವೆ.

ಕೀಲುಕಾಲು (ಹುಬ್ಬಳ್ಳಿ)

ಮೈಸೂರಿನ ಮೇಡಂ ಹೇಳಿದ್ದು ಸರಿ, ಮೆಟ್ಟಿಲಿಟ್ಟರೆ ಅಳತೆಯ ಮಾತೇ ಬರಲ್ಲ. ನನಗೆ ಹೊಳೆದಿರಲಿಲ್ಲ.

ಹಲ್ಕ್ ಕಾಲು ಎಳೆದರೆ ಹೊರಗೆ ಬರುವಂಥದ್ದಾದರೆ ಬಿಸಿನೀರಲ್ಲಿ ಒಂದು ನಿಮಿಷ ಇಟ್ಟು ಮೆತ್ತಗೆ ಎಳೆಯಿರಿ. ಬರದಿದ್ದರೆ ಬಲವಂತ ಬೇಡ. ಒಳಗಿನ ಗುಂಡು ತಲೆಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಕೈ ಹಚ್ಚಿ. ರಾತ್ರಿಯಿಡೀ ಒಣಗಲಿ, ಆಮೇಲೆ ವಾಪಸ್ ಹಾಕಿ. ಸಾಲದಿದ್ದರೆ ಇನ್ನೊಂದು ಕೈ. ಕಾಲು ಬಾಗಿದ್ದರೂ ಬಿಸಿನೀರೇ ಮದ್ದು, ನೆಟ್ಟಗೆ ಮಾಡಿ ತಕ್ಷಣ ತಣ್ಣೀರಿಗೆ ಅದ್ದಿದರೆ ಹಾಗೇ ನಿಲ್ಲುತ್ತೆ. ನನ್ನ ಹತ್ತಿರ ಚಿಕ್ಕಪ್ಪ ಕೊಟ್ಟ ಹಳೇ ಸ್ಕೆಲಿಟರ್ ಇದ್ದಾನೆ, ಹೀ-ಮ್ಯಾನ್ ಕಥೆಯ ವಿಲನ್, ಲಿಯೋ ಮ್ಯಾಟೆಲ್ ಕಂಪನಿ ಆ ಬೊಂಬೆಗಳನ್ನು ಇಲ್ಲೇ ಮಾಡುತ್ತಿದ್ದ ಕಾಲದವನು. ಆ ಬೊಂಬೆಗಳ ಎರಡು ಕಾಲನ್ನೂ ಒಳಗೆ ಒಂದು ರಬ್ಬರ್ ಹಿಡಿದಿರುತ್ತೆ. ಅದು ಒಣಗಿ ತುಂಡಾಗಿ ಕಾಲೆರಡೂ ಕೈಗೆ ಬಂದಿದ್ದವು. ಕೊಕ್ಕೆ ಮಾಡಿದ ಸಣ್ಣ ತಂತಿಯಲ್ಲಿ ಹೊಸ ರಬ್ಬರ್ ಎಳೆದು ಕಟ್ಟಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಈಗಲೂ ಗಟ್ಟಿಯಾಗಿ ನಿಂತಿದ್ದಾನೆ.

ಎರಡನೇ ಸ್ಪೈಡರ್‌ಮ್ಯಾನ್‌ಗೆ ಕಪ್ಪು ಬಣ್ಣ ಹೊಡೆಯಿರಿ. ಕಾಮಿಕ್ಸ್‌ನಲ್ಲಿ ಅವನ ಕಪ್ಪು ಉಡುಪು ಬಂದದ್ದು 1984ರಲ್ಲಿ, ಜೀವ ಇರುವ ಅದೇ ಉಡುಪು ಬೇರೆಯವನನ್ನು ಹಿಡಿದು 1988ರಲ್ಲಿ ವೆನಮ್ ಆಯಿತು. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಅಕ್ರಿಲಿಕ್ ಬಣ್ಣ ತೆಳ್ಳಗೆ ಎರಡು ಸಲ. ದಪ್ಪ ಹಚ್ಚಿದರೆ ಮೈಮೇಲಿನ ಬಲೆಯ ಗೆರೆ ಮುಚ್ಚಿಹೋಗುತ್ತೆ. ಕೀಲಿನ ಒಳಗೆ ಬಣ್ಣ ಹೋಗದಿರಲಿ, ಒಮ್ಮೆ ಮಡಚಿದರೆ ಸಿಪ್ಪೆ ಏಳುತ್ತೆ. ಎದೆ ಮೇಲಿನ ಬಿಳಿ ಜೇಡಕ್ಕೆ ನಂಬರ್ ಸೊನ್ನೆ ಬ್ರಶ್ ಬೇಕು. ಆಟಕ್ಕಲ್ಲ, ಶೆಲ್ಫಿಗೆ ಮಾತ್ರ.

ಟಿವಿಪಕ್ಕದ_ಶೆಲ್ಫು

ಮೂರು ವಾರ ಆಯ್ತು, ಏನಾಯ್ತು ಅಂತ ತಿಳಿಸೋಣ ಅಂತ ಬಂದೆ. ಹಲ್ಕ್ ನಿಂತಿದ್ದಾನೆ, ನೈಲ್ ಪಾಲಿಶ್ ಎರಡು ಕೈ ಬೇಕಾಯ್ತು. ಕಪ್ಪು ಸ್ಪೈಡರ್‌ಮ್ಯಾನ್ ತಯಾರಾದ. ಜೇಡದ ಎಂಟು ಕಾಲಲ್ಲಿ ಮೇಲಿನ ಎರಡನ್ನ ಮಗನೇ ಬರೆದ, ಉಸಿರು ಬಿಗಿ ಹಿಡಿದುಕೊಂಡು. ಒಂದು ಚೂರು ಭುಜದ ಕಡೆ ಹರಿದಿದೆ, ಅದನ್ನ ಹಾಗೇ ಬಿಟ್ಟಿದ್ದೇವೆ. ಈ ತಿಂಗಳ 500ಕ್ಕೆ 4 ಇಂಚಿನ ಬೇನ್ ಬಂದ. ಮೊನ್ನೆಯಿಂದ ಕುಕ್ಕರ್ ಮುಚ್ಚಳ ಅಡುಗೆಮನೆಯಲ್ಲೇ ಇದೆ.