ಉಪಗ್ರಹದಲ್ಲಿ ತೂಕ ಸೊನ್ನೆನಾ, ಇಲ್ಲ ಇರುತ್ತಾ?

ಹಾಸನದ ಅಮ್ಮ:
ಮಗಳು ಒಂಬತ್ತನೇ ಕ್ಲಾಸು. ತೂಕ ಅಂದರೆ ಭೂಮಿ ಒಂದು ವಸ್ತುವನ್ನು ಎಳೆಯುವ ಬಲ ಅಂತ ಪುಸ್ತಕದಲ್ಲಿದೆ. ಉಪಗ್ರಹದಲ್ಲಿ ತೂಕವೇ ಇರಲ್ಲ ಅಂತ ಟ್ಯೂಷನ್‌ನಲ್ಲಿ ಹೇಳಿದ್ದಾರೆ. ನಮ್ಮೂರಿನ ಎಂಸಿಎಫ್‌ನವರು (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವ ಉಪಗ್ರಹಗಳು ಭೂಮಿ ಸುತ್ತ ತಿರುಗುತ್ತವೆ ಅಲ್ವಾ, ಎಳೆತ ಇಲ್ಲದಿದ್ದರೆ ಯಾಕೆ ತಿರುಗಬೇಕು ಅಂತ ಅವಳ ವಾದ. ನನಗೂ ಅವಳದ್ದೇ ಸರಿ ಅನಿಸುತ್ತದೆ. ತಿಳಿದವರು ಹೇಳಿ.

ಆಲ್ದೂರಿನ ಮೇಷ್ಟ್ರು:
ಒಳ್ಳೇ ಪ್ರಶ್ನೆ ಮೇಡಂ, ಮಗಳಿಗೆ ಶಭಾಷ್ ಹೇಳಿ. ಭೂಸ್ಥಿರ ಉಪಗ್ರಹಗಳು, ಅಂದರೆ ಇಲ್ಲಿಂದ ನೋಡಿದರೆ ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವವು, ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತವೆ. ಅಲ್ಲೂ ಎಳೆತ ಇದೆ, ಇಲ್ಲಿಯ ಸುಮಾರು 44ರಲ್ಲಿ ಒಂದು ಪಾಲು. 50 ಕೆ.ಜಿ. ಕಾಫಿ ಮೂಟೆಯನ್ನು ಭೂಮಿ ಇಲ್ಲಿ 490 ನ್ಯೂಟನ್ ಬಲದಿಂದ ಎಳೆದರೆ ಅಲ್ಲಿ 11 ನ್ಯೂಟನ್. ದ್ರವ್ಯರಾಶಿ ಮಾತ್ರ ಎರಡೂ ಕಡೆ 50 ಕೆ.ಜಿ.ಯೇ. 400 ಕಿ.ಮೀ. ಮೇಲಿರುವ ಬಾಹ್ಯಾಕಾಶ ನಿಲ್ದಾಣದಲ್ಲಂತೂ ಇಲ್ಲಿಯ ಎಳೆತದ ಹತ್ತರಲ್ಲಿ ಒಂಬತ್ತು ಪಾಲು ಹಾಗೇ ಇದೆ, ಆದರೂ ಅಲ್ಲಿರುವವರು ತೇಲುತ್ತಾರೆ! ಯಾಕೆಂದರೆ ನಿಲ್ದಾಣ, ಜನ, ಸಾಮಾನು ಎಲ್ಲವೂ ಒಟ್ಟಿಗೇ ಭೂಮಿಯ ಕಡೆಗೆ ಬೀಳುತ್ತಿವೆ. ಅಡ್ಡಕ್ಕೆ ಅಷ್ಟು ವೇಗ ಇರುವುದರಿಂದ ನೆಲಕ್ಕೆ ತಾಗಲ್ಲ, ಅಷ್ಟೇ. ಕಾಲ ಕೆಳಗೆ ತೂಕದ ಯಂತ್ರ ಇಟ್ಟರೆ ಅದೂ ಜೊತೆಗೇ ಬೀಳುತ್ತಿರುತ್ತದೆ, ಅದನ್ನು ಒತ್ತುವವರೇ ಇಲ್ಲ.

ಬೇಲೂರು ಫಿಸಿಕ್ಸ್:
ಸರ್ ಹೇಳಿದ್ದು ಸರಿ, ಆದರೆ ಟ್ಯೂಷನ್‌ನವರನ್ನು ಪೂರ್ತಿ ತಪ್ಪು ಅನ್ನೋಕಾಗಲ್ಲ. ಯಂತ್ರ ತೋರಿಸುವುದೇ ತೂಕ ಅಂತ ವ್ಯಾಖ್ಯೆ ಕೊಡುವ ಪುಸ್ತಕಗಳೂ ಇವೆ. ಆ ಲೆಕ್ಕದಲ್ಲಿ ಸೊನ್ನೆ. ಮಗಳ ಪುಸ್ತಕದ ವ್ಯಾಖ್ಯೆ ಹಿಡಿದರೆ ತೂಕ ಇದೆ, ತೋರಿಕೆಯ ತೂಕ ಸೊನ್ನೆ. ಪರೀಕ್ಷೆಯಲ್ಲಿ ಹಾಗೇ ಬರೆಯಲಿ. ಗುರುತ್ವವೇ ಇಲ್ಲ ಅಂತ ಮಾತ್ರ ದಯವಿಟ್ಟು ಬರೆಯಬೇಡಿ, ಅದು ಯಾವ ವ್ಯಾಖ್ಯೆಯಲ್ಲೂ ಸರಿಯಾಗಲ್ಲ.

ಹಾಸನದ ಅಮ್ಮ:
ಈಗ ಅರ್ಥವಾಯಿತು, ಇಬ್ಬರಿಗೂ ಥ್ಯಾಂಕ್ಸ್. ಅವಳ ಇನ್ನೊಂದು ಪ್ರಶ್ನೆ: ಮುಳ್ಳಯ್ಯನಗಿರಿ ಮೇಲೆ ತೂಕ ಕಡಿಮೆ ಆಗುತ್ತಾ?

ಆಲ್ದೂರಿನ ಮೇಷ್ಟ್ರು:
ಆಗುತ್ತದೆ, ಬಹಳ ಸ್ವಲ್ಪ. ಬೆಟ್ಟ 1,900 ಮೀಟರ್‌ಗೂ ಜಾಸ್ತಿ. ಎತ್ತರವೊಂದನ್ನೇ ಲೆಕ್ಕ ಹಿಡಿದರೆ, ಸಮುದ್ರ ಮಟ್ಟದಲ್ಲಿ 50 ಕೆ.ಜಿ. ತೋರಿಸಿದ ಸ್ಪ್ರಿಂಗ್ ತಕ್ಕಡಿ ಅಲ್ಲಿ ಸುಮಾರು 30 ಗ್ರಾಂ ಕಡಿಮೆ ತೋರಿಸಬೇಕು. ಸ್ಪ್ರಿಂಗ್ ಅಳೆಯುವುದು ಎಳೆತವನ್ನು. ಎರಡು ತಟ್ಟೆಯ ತಕ್ಕಡಿಯಲ್ಲಿ ಈ ವ್ಯತ್ಯಾಸ ಕಾಣಲ್ಲ. ಮೂಟೆಯ ಮೇಲಿನ ಎಳೆತ ಕಡಿಮೆಯಾದಷ್ಟೇ ಆ ಕಡೆ ತಟ್ಟೆಯ ಬಟ್ಟಿನ ಮೇಲೂ ಕಡಿಮೆಯಾಗಿರುತ್ತದೆ, ಹಾಗಾಗಿ ಮುಳ್ಳು ನಡುವೆಯೇ ನಿಲ್ಲುತ್ತದೆ.