ನೆಲದಲ್ಲಿರುವ ಹಳೆಯ ಪೈಪಿಗೆ ಹೊಸ ಕಮೋಡ್ ಕೂರಿಸುವುದು: ಪ್ಲಂಬರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಹಳೆಯ ಕಮೋಡ್ ತೆಗೆಸಿದ್ದೇವೆ. ನೆಲದಲ್ಲಿರುವ ಪೈಪಿನ ಬಾಯಿ ಗೋಡೆಯಿಂದ 240 ಮಿ.ಮೀ. ದೂರದಲ್ಲಿದೆ. ಮೆಚ್ಚಿಕೊಂಡಿರುವ ಹೊಸ ಕಮೋಡಿನ ವಿವರದಲ್ಲಿ ‘ಎಸ್-ಟ್ರ್ಯಾಪ್, 300 ಮಿ.ಮೀ.’ ಎಂದಿದೆ. ಇದನ್ನು ಹೇಗಾದರೂ ಹೊಂದಿಸಬಹುದೇ?

ಉತ್ತರ: ‘ಎಸ್-ಟ್ರ್ಯಾಪ್’ ಎಂದರೆ ಹೊರದಾರಿ ನೆಲದ ಕಡೆಗಿರುವ ಕಮೋಡ್; 300 ಎಂಬುದು ಗೋಡೆಯಿಂದ ಆ ಹೊರದಾರಿಯ ನಡುಬಿಂದುವಿಗಿರುವ ದೂರ. ಮೊದಲು ನಿಮ್ಮ ಪೈಪಿನ ಅಳತೆಯನ್ನು ಖಚಿತಪಡಿಸಿಕೊಳ್ಳಿ. ಪೈಪಿನ ಅಂಚಿನಿಂದಲ್ಲ, ಅದರ ನಡುಬಿಂದುವಿನಿಂದ, ಟೈಲ್ಸ್ ಹಾಕಿ ಮುಗಿದ ಗೋಡೆಯ ಮೈವರೆಗೆ ಅಳೆಯಬೇಕು. ಗೋಡೆಗೆ ಇನ್ನೂ ಟೈಲ್ಸ್ ಹಾಕಿಲ್ಲವಾದರೆ ಟೈಲ್ಸ್ ಮತ್ತು ಅದರ ಹಿಂದಿನ ಗಾರೆಯ ದಪ್ಪವನ್ನು ಈಗಲೇ ಕಳೆದುಬಿಡಿ.

ಅಳತೆ ನಿಜವಾಗಿ 240 ಆಗಿದ್ದರೆ ಈ ಕಮೋಡ್ ಕೂರುವುದಿಲ್ಲ, ಏಕೆಂದರೆ ಅದರ ಬೆನ್ನು 60 ಮಿ.ಮೀ.ನಷ್ಟು ಗೋಡೆಯೊಳಗೆ ಹೋಗಬೇಕಾಗುತ್ತದೆ. ಕೇಂದ್ರವನ್ನು ಪಕ್ಕಕ್ಕೆ ಸರಿಸುವ ಆಫ್‌ಸೆಟ್ ಕನೆಕ್ಟರ್‌ಗಳಿವೆಯಾದರೂ, 40 ಮಿ.ಮೀ. ಸರಿಸುವಂಥದ್ದನ್ನು ಹಾಕಿದರೂ ನಿಮಗೆ ಇನ್ನೂ 20 ಕೊರತೆ ಉಳಿಯುತ್ತದೆ. ಮೇಲಾಗಿ ಅದರೊಳಗಿನ ತಿರುವಿನಲ್ಲಿ ಕಾಗದ ಸಿಕ್ಕಿಕೊಳ್ಳುವ ಸಾಧ್ಯತೆ ಇರುವುದರಿಂದ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ನಾನು ಅದನ್ನು ಒಪ್ಪುತ್ತೇನೆ. ಬದಲಿಗೆ 225 ಮಿ.ಮೀ. ಅಳತೆಯ ಕಮೋಡ್ ಆರಿಸಿಕೊಂಡರೆ ಬೆನ್ನ ಹಿಂದೆ 15 ಮಿ.ಮೀ. ಸಂದು ಉಳಿಯುತ್ತದೆ, ಅಷ್ಟೇ. ಕಮೋಡಿನ ಅಳತೆ ಪೈಪಿನ ಅಳತೆಗಿಂತ ಕಡಿಮೆ ಇದ್ದರೆ ಸಂದು ಮಾತ್ರ ಹೆಚ್ಚುತ್ತದೆ. ಹೆಚ್ಚಿದ್ದರೆ ಕೆಲಸವೇ ನಿಲ್ಲುತ್ತದೆ. ‘ಪಿ-ಟ್ರ್ಯಾಪ್’ ಎಂದು ಬರೆದಿರುವುದನ್ನು ಮಾತ್ರ ತರಬೇಡಿ, ಅದರ ಹೊರದಾರಿ ಗೋಡೆಯ ಕಡೆಗಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಹಾಕಿರುವುದರಿಂದ ಪೈಪಿನ ಬಾಯಿ ನೆಲದಿಂದ 20 ಮಿ.ಮೀ. ಕೆಳಗೆ ಉಳಿದಿದೆ. ಸುತ್ತ ಬಿಳಿ ಸಿಮೆಂಟು ತುಂಬಿ ಅದರ ಮೇಲೆಯೇ ಕಮೋಡ್ ಕೂರಿಸಿದರೆ ಗಟ್ಟಿಯಾಗಿರುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ.

ಉತ್ತರ: ಗಟ್ಟಿಯಾಗಿರುವುದು ನಿಜ, ಆದರೆ ತೊಂದರೆ ಇರುವುದೂ ಅಲ್ಲಿಯೇ. ಕೂತು ಏಳುವಾಗ ಕಮೋಡ್ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಸಿಮೆಂಟು ಅದಕ್ಕೆ ಬಾಗದೆ ಬಿರುಕು ಬಿಡುತ್ತದೆ ಮತ್ತು ಆ ಬಿರುಕಿನಿಂದ ನೀರು ಟೈಲ್ಸ್ ಅಡಿಗೆ ಇಳಿಯತೊಡಗಿದ್ದು ಕೆಳಗಿನ ಸೂರಿನಲ್ಲಿ ಕಲೆ ಕಾಣಿಸಿಕೊಳ್ಳುವವರೆಗೆ ಯಾರಿಗೂ ತಿಳಿಯುವುದಿಲ್ಲ. ಮುಂದೊಮ್ಮೆ ಕಮೋಡ್ ತೆಗೆಯಬೇಕಾದರೆ ಒಡೆದೇ ತೆಗೆಯಬೇಕಾಗುತ್ತದೆ.

ಸರಿಯಾದ ಕ್ರಮವೆಂದರೆ ಪೈಪಿನ ಸುತ್ತ ಸ್ವಲ್ಪ ಗಾರೆ ಬಿಡಿಸಿ, ಅದೇ ವ್ಯಾಸದ ತುಂಡನ್ನು ಕಪ್ಲರ್ ಮೂಲಕ ಅಂಟಿಸಿ, ಬಾಯಿಯನ್ನು ನೆಲದ ಮಟ್ಟಕ್ಕೆ ತರುವುದು. ಅದರ ಮೇಲೆ ಫ್ಲೇಂಜ್ (ಕಮೋಡನ್ನು ಪೈಪಿಗೆ ಜೋಡಿಸುವ ಅಗಲ ಅಂಚಿನ ಬಳೆ) ಇಟ್ಟರೆ ಫ್ಲೇಂಜ್ ಹೊಸ ಟೈಲ್ಸ್ ಮೇಲೆಯೇ ಕೂರಬೇಕು, ಅದರ ಅಡಿಯಲ್ಲಿ ಟೊಳ್ಳು ಇರಬಾರದು. ಒಂದರ ಮೇಲೊಂದು ಮೇಣದ ಉಂಗುರ ಇಟ್ಟು ಎತ್ತರ ಸರಿಪಡಿಸುವ ರೂಢಿಯೂ ಇದೆ. ನನಗದು ಹಿಡಿಸುವುದಿಲ್ಲ, ಕಮೋಡ್ ಇಳಿಸುವಾಗ ಮೇಲಿನ ಉಂಗುರ ಜಾರಿದರೆ ಕಣ್ಣಿಗೆ ಕಾಣುವುದೇ ಇಲ್ಲ.

ಕೂರಿಸುವ ಮುನ್ನ ಗ್ಯಾಸ್ಕೆಟ್ (ಕಮೋಡ್ ಮತ್ತು ಪೈಪಿನ ನಡುವೆ ಸೋರದಂತೆ ಇಡುವ ಉಂಗುರ) ಇಲ್ಲದೆ ಒಮ್ಮೆ ಇಟ್ಟು ನೋಡಿ, ಬೋಲ್ಟ್ ತೂತುಗಳನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಈ ಹೊತ್ತಿನಲ್ಲಿ ಪೈಪಿನ ಬಾಯಿಗೆ ಬಟ್ಟೆ ತುರುಕಿರಬೇಕು, ದುರ್ನಾತಕ್ಕಿಂತ ಹೆಚ್ಚಾಗಿ ಬೋಲ್ಟೋ ಗಾರೆಯೋ ಒಳಗೆ ಬೀಳದಿರಲೆಂದು. ಆ ಬಟ್ಟೆಗೊಂದು ದಾರ ಕಟ್ಟಿ ಹೊರಗೆ ಬಿಟ್ಟಿದ್ದರೆ ತೆಗೆಯುವುದು ಮರೆತುಹೋಗುವುದಿಲ್ಲ. ಟೈಲ್ಸ್ ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಳಸಬೇಡಿ, ಅಡಿಯಲ್ಲಿ ನೀರಿನ ಪೈಪು ಹಾದುಹೋಗಿದೆಯೇ ಎಂದೂ ಮೊದಲೇ ವಿಚಾರಿಸಿಕೊಳ್ಳಿ. ಅನಂತರ ಗ್ಯಾಸ್ಕೆಟ್ ಇಟ್ಟು, ಕಮೋಡನ್ನು ನೇರವಾಗಿ ಕೆಳಗಿಳಿಸಿ, ಅಲುಗಾಡುವ ಕಡೆ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು ಮಟ್ಟ ಮಾಡಿ. ನಟ್ಟುಗಳನ್ನು ಎಡಬಲ ಬದಲಿಸುತ್ತ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪಿಂಗಾಣಿ ಒಡೆಯುವುದು ಹೆಚ್ಚಾಗಿ ಕೊನೆಯ ಅರ್ಧ ಸುತ್ತಿನಲ್ಲಿ.

ನಾಲ್ಕೈದು ಬಾರಿ ಫ್ಲಶ್ ಮಾಡಿ, ಬುಡದ ಸುತ್ತ ಒಣ ಟಿಶ್ಯೂ ಒತ್ತಿ ನೋಡಿದ ಮೇಲೆಯೇ ಸಿಲಿಕೋನ್ ಹಾಕಿ. ಹಿಂಬದಿಯಲ್ಲಿ ಎರಡು ಬೆರಳಗಲ ಜಾಗವನ್ನು ಬಿಟ್ಟಿದ್ದರೆ ಮುಂದೆಂದಾದರೂ ಸೋರಿದಾಗ ನೀರು ಅಲ್ಲಿಂದ ಹೊರಬಂದು ತಿಳಿಸುತ್ತದೆ. ಸಿಲಿಕೋನ್ ಒಣಗಲು 24 ಗಂಟೆ ಕೊಡುವುದು ಒಳ್ಳೆಯದು.

ಪ್ರಶ್ನೆ: ಸ್ನಾನದ ಮನೆಯ ಮೂಲೆಯಲ್ಲಿ ಜಾಲರಿ ಮುಚ್ಚಿದ ನೀರಿನ ಹೊರದಾರಿ ಇದೆ. ಕಮೋಡನ್ನು ಅದಕ್ಕೇ ಜೋಡಿಸಬಹುದಲ್ಲವೇ?

ಉತ್ತರ: ಬೇಡ. ಜಾಲರಿ ಎತ್ತಿ ಟಾರ್ಚ್ ಬಿಟ್ಟು ನೋಡಿ. ಒಳಗೆ ನೀರು ನಿಂತಿದ್ದರೆ ಅದು ನೆಲದ ಟ್ರ್ಯಾಪ್, ಅಂದರೆ ವಾಸನೆ ಮೇಲೆ ಬರದಂತೆ ನೀರು ನಿಲ್ಲಿಸಿಕೊಳ್ಳುವ ಬಾಗು. ಕಮೋಡಿನ ಹೊಟ್ಟೆಯೊಳಗೇ ಒಂದು ಟ್ರ್ಯಾಪ್ ಇರುವುದರಿಂದ ಎರಡರ ನಡುವೆ ಗಾಳಿ ಸಿಕ್ಕಿ ಹರಿವು ಮುಗ್ಗರಿಸುತ್ತದೆ, ಮಲ ಕೆಳಗಿನ ಬಾಗಿನಲ್ಲಿ ನಿಲ್ಲುತ್ತದೆ. ಆ ಪೈಪು ಬಹುಪಾಲು 75 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದು. ಕಮೋಡಿಗೆ 100ರಿಂದ 110 ಮಿ.ಮೀ. ವ್ಯಾಸದ, ನೀರು ನಿಲ್ಲದೆ ನೇರ ಇಳಿಯುವ ಮಲದ ಪೈಪೇ ಬೇಕು. ಅದು ಹತ್ತಿರದಲ್ಲಿಲ್ಲದಿದ್ದರೆ ನೆಲ ಅಗೆದು ಹೊಸ ಪೈಪು ಎಳೆಯಬೇಕಾಗುತ್ತದೆ. ಸುಮಾರು 40 ಅಳತೆ ಉದ್ದಕ್ಕೆ ಒಂದು ಅಳತೆ ಇಳಿಜಾರು ಕೊಡಿ.

ಪ್ರಶ್ನೆ: ಎಲ್ಲವನ್ನೂ ಸರಿಯಾಗಿಯೇ ಕೂರಿಸಿದ್ದೇವೆ, ಆದರೂ ಫ್ಲಶ್ ಮಾಡಿದಾಗ ಪಕ್ಕದ ಬೇಸಿನ್ ಗುಳುಗುಳು ಎನ್ನುತ್ತದೆ.

ಉತ್ತರ: ಜೋಡಣೆಯ ದೋಷವಲ್ಲ, ಪೈಪಿಗೆ ಗಾಳಿ ಸಿಗುತ್ತಿಲ್ಲ. ಇಳಿಯುವ ನೀರು ಹಿಂದಿನಿಂದ ಗಾಳಿಯನ್ನು ಎಳೆಯುವಾಗ ಬೇಸಿನ್ ಟ್ರ್ಯಾಪಿನ ನೀರನ್ನೂ ಹೀರುತ್ತದೆ, ಆ ನೀರು ಖಾಲಿಯಾದರೆ ವಾಸನೆ ಅಲ್ಲಿಂದಲೇ ಬರುತ್ತದೆ. ಮಾಳಿಗೆಯ ಮೇಲಿನ ವೆಂಟ್ ಪೈಪಿನ (ಒಳಗೆ ಗಾಳಿ ಬಿಡುವ ಪೈಪಿನ) ಬಾಯಿಗೆ ಎಲೆ, ಗೂಡು ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡಿಸಿ; ಅದು ತೆರೆದಿದ್ದರೂ ಸದ್ದು ನಿಲ್ಲದಿದ್ದರೆ ಮುಖ್ಯ ಪೈಪಿನಲ್ಲಿ ಅರ್ಧ ಕಟ್ಟಿಕೊಂಡಿರುವ ಜಾಗವನ್ನು ಹುಡುಕಬೇಕು.